ಬಾಯಲ್ಲಿ ಗಜ, ಬಿಲ್ಲಿನಲ್ಲಿ ಮೀಟರ್
ಎರಡು ಅಳತೆಗಳ ನಡುವಣ ಅಂತರದ ನಷ್ಟ ಸಣ್ಣ ಉದ್ಯಮಿಯ ಪಾಲಿಗೆ

ದೊಡ್ಡಬಳ್ಳಾಪುರದ ಹೆಸರಿನಲ್ಲಿಯೇ ಒಂದು ಅಳತೆ ಅಡಗಿದೆ. ಹಸುವೊಂದು ಪ್ರತಿದಿನವೂ ಹುತ್ತವೊಂದರ ಮೇಲೆ ಒಂದು ಬಳ್ಳದಷ್ಟು ಹಾಲನ್ನು ಸುರಿಸುತ್ತಿತ್ತೆಂದೂ, ಆ ಸ್ಥಳದಲ್ಲಿ ಬೆಳೆದ ಊರಿಗೆ ಬಳ್ಳಾಪುರವೆಂಬ ಹೆಸರು ಬಂದಿತೆಂದೂ ಐತಿಹ್ಯ ಹೇಳುತ್ತದೆ. ಬಳ್ಳವೆಂಬುದು ಹಾಲನ್ನೂ ಧಾನ್ಯವನ್ನೂ ಅಳೆಯುತ್ತಿದ್ದ ಹಳೆಯ ಪಾತ್ರೆ. ಇಂದು ಊರಿನ ಯಾವ ಅಂಗಡಿಯಲ್ಲಿಯೂ ಬಳ್ಳದಿಂದ ಅಳೆಯುವವರಿಲ್ಲ. ಹಾಲಿಗೆ ಲೀಟರ್, ರಾಗಿಗೆ ಕಿಲೋಗ್ರಾಂ ಬಂದು ಆರು ದಶಕಗಳೇ ಕಳೆದಿವೆ.

ಆದರೆ ಅದೇ ಊರಿನ ವಿದ್ಯುತ್ ಮಗ್ಗಗಳ ಬೀದಿಗೆ ಕಾಲಿಟ್ಟರೆ ಚಿತ್ರ ಬೇರೆಯಾಗುತ್ತದೆ. ಅಲ್ಲಿ ಮಗ್ಗದ ಅಗಲ ಇಂಚಿನಲ್ಲಿದೆ, ಸೀರೆಯ ಉದ್ದ ಮೀಟರ್‌ನಲ್ಲಿದೆ, ರೇಷ್ಮೆ ಎಳೆಯ ದಪ್ಪ ಡೆನಿಯರ್‌ನಲ್ಲಿದೆ, ಜರಿ ಮಾರ್ಕ್ ಲೆಕ್ಕದಲ್ಲಿ ಬರುತ್ತದೆ. ಕಾನೂನಿನ ಪ್ರಕಾರ ದೇಶದಲ್ಲಿರುವುದು ಒಂದೇ ಅಳತೆಯ ಪದ್ಧತಿ. ವ್ಯವಹಾರದಲ್ಲಿ ಮಾತ್ರ ಎರಡು ಮೂರು ಪದ್ಧತಿಗಳು ಜೊತೆಜೊತೆಗೇ ನಡೆಯುತ್ತಿವೆ. ಹಳೆಯ ಅಳತೆಗಳು ಉಳಿದುಕೊಂಡಿರುವುದೇ ಒಂದು ದೋಷವೆಂದು ಹೇಳಲಾಗದು. ಒಂದರಿಂದ ಇನ್ನೊಂದಕ್ಕೆ ಬಾಯಿಲೆಕ್ಕದಲ್ಲಿ ದಾಟುವಾಗ ಆಗುವ ವ್ಯತ್ಯಾಸವನ್ನು ಯಾರು ಭರಿಸಬೇಕೆಂಬುದು ಎಲ್ಲಿಯೂ ಬರಹದಲ್ಲಿರುವುದಿಲ್ಲ. ಬರಹದಲ್ಲಿಲ್ಲದ ನಷ್ಟ ಬಹುಪಾಲು ಸಣ್ಣವನ ಪಾಲಿಗೇ ಬರುತ್ತದೆ.

ಒಂದೇ ಲಾರಿ, ಹಲವು ಅಳತೆ

ನೆಲಮಂಗಲದ ಗೋದಾಮಿನಿಂದ ಹೊರಡುವ ಒಂದು ಲಾರಿಯನ್ನು ಗಮನಿಸಿದರೆ ಸಾಕು. ಅದನ್ನು ಬಾಡಿಗೆಗೆ ಹಿಡಿಯುವುದು 32 ಅಡಿ ಲಾರಿಯೆಂದು. ಅದು ಹೊರುವ ಭಾರ ಟನ್‌ನಲ್ಲಿ, ಸಾಗುವ ದೂರ ಕಿಲೋಮೀಟರ್‌ನಲ್ಲಿ, ತುಂಬಿಸಿಕೊಳ್ಳುವ ಡೀಸೆಲ್ ಲೀಟರ್‌ನಲ್ಲಿ. ಅದರ ಟೈರಿನ ಮೇಲೆ 295/90 ಆರ್ 20 ಎಂದು ಬರೆದಿದ್ದರೆ, ಮೊದಲ ಸಂಖ್ಯೆ ಮಿಲಿಮೀಟರ್‌ನಲ್ಲಿ ಅಗಲ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಗೋದಾಮಿನ ಬಾಡಿಗೆ ಚದರ ಅಡಿಗೆ ಇಂತಿಷ್ಟು. ಒಳಗಿರುವ ಕಪಾಟುಗಳ ಅಳತೆ ಮಿಲಿಮೀಟರ್. ಹಡಗಿಗೆ ಹೋಗುವ ಸರಕಾದರೆ 20 ಅಡಿ ಅಥವಾ 40 ಅಡಿ ಕಂಟೇನರ್. ಮೆಟ್ರಿಕ್ ಪದ್ಧತಿಯ ತವರಾದ ಫ್ರಾನ್ಸಿನ ಬಂದರಿನಲ್ಲಿಯೂ ಕಂಟೇನರ್‌ಗೆ ಇದೇ ಹೆಸರು.

ಮನೆಯೊಳಗೂ ಇದೇ ಸ್ಥಿತಿ. ಅಂಗಡಿಯಲ್ಲಿ ಅಕ್ಕಿ ಕಿಲೋ ಲೆಕ್ಕ, ಅಡಿಗೆಮನೆಯಲ್ಲಿ ಪಾವಿನ ಲೆಕ್ಕ. ಬಿಡಿ ಹೂವು ಕಿಲೋಗೆ, ಕಟ್ಟಿದ ಹೂವು ಮೊಳಕ್ಕೆ ಅಥವಾ ಮಾರಿಗೆ. ಅಳೆಯುವವರ ಕೈ ಗಿಡ್ಡವಾದರೆ ಮೊಳವೂ ಗಿಡ್ಡ. ಜ್ವರಕ್ಕೆ ಫ್ಯಾರನ್‌ಹೀಟ್, ಹವಾಮಾನಕ್ಕೆ ಸೆಲ್ಸಿಯಸ್. ಟಿ.ವಿ.ಯ ಡಬ್ಬಿಯ ಮೇಲೆ 80 ಸೆಂಟಿಮೀಟರ್ ಎಂದಿದ್ದರೂ ಗ್ರಾಹಕರು ಕೇಳುವುದು 32 ಇಂಚಿನದನ್ನೇ. ಮನೆಬಳಕೆಯಲ್ಲಿ ಇವುಗಳಿಂದ ಹೆಚ್ಚಿನ ಹಾನಿಯಿಲ್ಲ. ಸಾವಿರ ಸೀರೆ, ನೂರು ಕಂಬಿ, ಎಕರೆಗಟ್ಟಲೆ ಜಮೀನಿನ ವ್ಯವಹಾರದಲ್ಲಿ ಮಾತು ಬೇರೆ.

ಇಪ್ಪತ್ತನಾಲ್ಕು ತೊಲದ ಸೇರು

ಇಂದು 'ಹಳೆಯ ಪದ್ಧತಿ' ಎಂದು ಒಟ್ಟಾಗಿ ಕರೆಯುವುದು ವಾಸ್ತವವಾಗಿ ಒಂದರ ಮೇಲೊಂದು ಕುಳಿತ ಹಲವು ಪದ್ಧತಿಗಳ ರಾಶಿ. ಮೈಸೂರು ಸಂಸ್ಥಾನದ ಕಚ್ಚಾ ಸೇರು 24 ತೊಲದ್ದು, ಅಂದರೆ ಸುಮಾರು 280 ಗ್ರಾಂ. ಬ್ರಿಟಿಷ್ ಆಡಳಿತದ ಪಕ್ಕಾ ಸೇರು 80 ತೊಲದ್ದು, ಅಂದರೆ ಸುಮಾರು 933 ಗ್ರಾಂ. ಎರಡರಲ್ಲಿಯೂ 40 ಸೇರು ಸೇರಿದರೆ ಒಂದು ಮಣ. ಆದ್ದರಿಂದ ಒಬ್ಬನ ಮಣ 11.2 ಕಿಲೋ ಆದರೆ ಇನ್ನೊಬ್ಬನದು 37.3 ಕಿಲೋ. ಹೆಸರು ಒಂದೇ, ತೂಕದಲ್ಲಿ ಮೂರು ಪಟ್ಟಿಗೂ ಮಿಗಿಲಾದ ವ್ಯತ್ಯಾಸ. 'ಸೇರಿಗೆ ಸವಾಸೇರು' ಎಂಬ ಮಾತು ಹುಟ್ಟಿದ ನಾಡಿನಲ್ಲಿ ಸೇರು ಎಷ್ಟೆಂಬುದೇ ಊರಿನಿಂದ ಊರಿಗೆ ಬದಲಾಗುತ್ತಿತ್ತು.

ಜಮೀನಿನ ವಿಷಯವೂ ಹೀಗೆಯೇ. ಎಕರೆ ಮತ್ತು ಗುಂಟೆಗಳನ್ನು ರೈತರು ತಮ್ಮ ಅಜ್ಜಂದಿರ ಅಳತೆಯೆಂದೇ ಭಾವಿಸುತ್ತಾರೆ. ಆದರೆ ಕಂದಾಯ ಮೋಜಣಿಗೆ ಮುನ್ನ ಇಲ್ಲಿ ನೆಲವನ್ನು ಬಿತ್ತನೆಯ ಮೇಲೆ ಅಳೆಯುತ್ತಿದ್ದರು. ಒಂದು ಕೊಳಗ ಬೀಜ ಹಿಡಿಯುವ ನೆಲ, ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗದ ನೆಲ. ತರಿಯಲ್ಲಿ ಒಂದು ಖಂಡುಗವೆಂದರೆ ಒಂದಷ್ಟು ನೆಲ, ಖುಷ್ಕಿಯಲ್ಲಿ ಮತ್ತೊಂದಷ್ಟು. ಹತ್ತೊಂಬತ್ತನೆಯ ಶತಮಾನದ ಮೋಜಣಿಯ ಸರಪಳಿಯೊಂದಿಗೆ ಬಂದ ಎಕರೆಯೂ ಒಂದು ಕಾಲಕ್ಕೆ ಹೊಸ ಅಳತೆಯೇ ಆಗಿತ್ತು.

ಸ್ವಾತಂತ್ರ್ಯಾನಂತರ ಭಾರತವು ಈ ಗೊಂದಲಕ್ಕೆ ಕಡಿವಾಣ ಹಾಕಲು ನಿರ್ಧರಿಸಿತು. 1957ರ ಏಪ್ರಿಲ್ 1ರಿಂದ ನಯಾ ಪೈಸೆಯೊಂದಿಗೆ ದಶಮಾಂಶ ನಾಣ್ಯ ಜಾರಿಗೆ ಬಂದಿತು. ತೂಕ ಮತ್ತು ಅಳತೆಗಳ ಮಾನಕಗಳ ಅಧಿನಿಯಮವನ್ನು 1956ರಲ್ಲಿ ಸಂಸತ್ತು ಅಂಗೀಕರಿಸಿತು. 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಜಾರಿಗೆ ಬಂದ ಮೆಟ್ರಿಕ್ ಪದ್ಧತಿಯು 1962ರ ವೇಳೆಗೆ ದೇಶದ ಏಕೈಕ ಅಧಿಕೃತ ಪದ್ಧತಿಯಾಯಿತು. ಇತ್ತ 1959ರಲ್ಲಿ ಇಂಗ್ಲಿಷ್ ಭಾಷಿಕ ರಾಷ್ಟ್ರಗಳು ತಮ್ಮ ಗಜವನ್ನೇ 0.9144 ಮೀಟರ್ ಎಂದು ನಿಗದಿಪಡಿಸಿಕೊಂಡವು. ಅಂದಿನಿಂದ ಒಂದು ಇಂಚು ಎಂದರೆ ನಿಖರವಾಗಿ 25.4 ಮಿಲಿಮೀಟರ್. ಇಂಚು, ಅಡಿ, ಗಜಗಳು ಇಂದು ಮೀಟರ್‌ನ ಆಧಾರದ ಮೇಲೆಯೇ ನಿಂತಿವೆ.

ಮಗ್ಗದ ಮೇಲಿನ ಲೆಕ್ಕ

ಸೀರೆಯ ಉದ್ದ ಐದೂವರೆ ಮೀಟರ್ ಏಕೆ ಎಂಬ ಪ್ರಶ್ನೆಗೆ ಉತ್ತರ ಹಳೆಯ ಗಜದಲ್ಲಿದೆ. ಆರು ಗಜವೆಂದರೆ 5.49 ಮೀಟರ್. ಮೆಟ್ರಿಕ್ ಬಂದಾಗ ಸೀರೆಯೇನೂ ಬದಲಾಗಲಿಲ್ಲ, ಅದರ ಉದ್ದವನ್ನು ಹೇಳುವ ರೀತಿ ಬದಲಾಯಿತು. ರವಿಕೆಯ ಬಟ್ಟೆ 80 ಸೆಂಟಿಮೀಟರ್ ಸೇರಿದರೆ 6.3 ಮೀಟರ್. ಇಲ್ಲಿ ಆರು ಗಜಕ್ಕೂ ಐದೂವರೆ ಮೀಟರ್‌ಗೂ ಇರುವ ವ್ಯತ್ಯಾಸ ಬೆರಳಿನ ಅಗಲಕ್ಕಿಂತ ಹೆಚ್ಚಿಲ್ಲ.

ಆದರೆ ನೇಯ್ಗೆಯ ದಟ್ಟಣೆಯ ವಿಷಯದಲ್ಲಿ ಹಾಗಿಲ್ಲ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಹೊಕ್ಕಿನ ಎಳೆಗಳನ್ನು ಎಣಿಸುವುದು ಇಂಚಿಗೆ ಇಷ್ಟು ಪಿಕ್ ಎಂದು. ಕೆಲವು ಖರೀದಿದಾರರು, ವಿಶೇಷವಾಗಿ ಹೊರದೇಶಗಳಿಗೆ ಕಳುಹಿಸುವವರು, ಸೆಂಟಿಮೀಟರ್‌ಗೆ ಇಷ್ಟೆಂದು ಕೇಳುತ್ತಾರೆ. ಇಂಚಿಗೆ 60 ಪಿಕ್ ಎಂದರೆ ಸೆಂಟಿಮೀಟರ್‌ಗೆ 23.62. ಈ ಸಂಖ್ಯೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. 24 ಎಂದು ಬರೆದುಕೊಳ್ಳುತ್ತಾರೆ. 6.3 ಮೀಟರ್ ಸೀರೆಯಲ್ಲಿ ಇಂಚಿಗೆ 60ರಂತೆ 14,882 ಪಿಕ್ ಬೀಳುತ್ತದೆ. ಸೆಂಟಿಮೀಟರ್‌ಗೆ 24ರಂತೆ 15,120. ಒಂದು ಸೀರೆಗೆ 238 ಪಿಕ್ ಹೆಚ್ಚು, ಅಂದರೆ ಶೇಕಡಾ 1.6. ಸಾವಿರ ಸೀರೆಗಳ ಆರ್ಡರ್‌ನಲ್ಲಿ ಇದು ಹದಿನಾರು ಸೀರೆಗಳಿಗೆ ಬೇಕಾದ ಹೊಕ್ಕಿನ ರೇಷ್ಮೆ ಮತ್ತು ಅಷ್ಟೇ ಸೀರೆಗಳ ಮಗ್ಗದ ಅವಧಿ. ದರವನ್ನು 60 ಪಿಕ್ಕಿನ ಲೆಕ್ಕದಲ್ಲಿ ಒಪ್ಪಿಕೊಂಡು 24ರ ಲೆಕ್ಕದಲ್ಲಿ ನೇಯ್ದುಕೊಟ್ಟರೆ ಈ ಹದಿನಾರು ಸೀರೆಗಳ ಹೊಕ್ಕು ಮತ್ತು ದುಡಿಮೆ ಮಗ್ಗದ ಮಾಲೀಕನ ಗಂಟಿನಿಂದ ಹೋಗುತ್ತದೆ. ಕೂಲಿ ನೇಯ್ಗೆಯಾದರೆ ನೇಕಾರನ ಗಂಟಿನಿಂದಲೂ ಹೋಗುತ್ತದೆ. ತದ್ವಿರುದ್ಧವಾಗಿ 60ರಂತೆಯೇ ನೇಯ್ದು 24 ಎಂದು ಬರೆದುಕೊಟ್ಟರೆ ತಪಾಸಣೆಯಲ್ಲಿ ಮಾಲು ತಿರಸ್ಕೃತವಾಗುವ ಅಪಾಯವಿದೆ.

ನೂಲಿನ ಅಳತೆಗಳಲ್ಲಿಯೂ ಎಚ್ಚರ ಅಗತ್ಯ. ಡೆನಿಯರ್ ಎಂದರೆ 9,000 ಮೀಟರ್ ಎಳೆಯ ಗ್ರಾಂ ತೂಕ. ಅಂತರರಾಷ್ಟ್ರೀಯ ಮಾನಕವಾದ ಟೆಕ್ಸ್ ಎಂದರೆ 1,000 ಮೀಟರ್‌ನ ಗ್ರಾಂ ತೂಕ. ಒಂದು ಟೆಕ್ಸ್ ಒಂಬತ್ತು ಡೆನಿಯರ್‌ಗೆ ಸಮ. ಎರಡರಲ್ಲಿಯೂ ಸಂಖ್ಯೆ ಏರಿದಷ್ಟು ನೂಲು ದಪ್ಪ. ಹತ್ತಿಯ ಇಂಗ್ಲಿಷ್ ಕೌಂಟ್ ಮಾತ್ರ ಇದಕ್ಕೆ ವಿರುದ್ಧ. ಅಲ್ಲಿ 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ಬರುತ್ತವೆ ಎಂಬುದು ಲೆಕ್ಕ. ಸಂಖ್ಯೆ ಏರಿದಷ್ಟು ನೂಲು ಸಣ್ಣ. ಹುರಿ ಮಾಡುವ ಘಟಕಗಳಲ್ಲಿ ಇಂಚಿಗೆ ಇಷ್ಟು ಸುತ್ತು ಎಂದು ಹೇಳಿದ್ದನ್ನು ಪರೀಕ್ಷಾ ವರದಿಯೊಂದಿಗೆ ಹೋಲಿಸುವಾಗ ಅದು ಮೀಟರ್ ಲೆಕ್ಕದಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇಂಚಿಗೆ ಒಂದು ಸುತ್ತು ಎಂದರೆ ಮೀಟರ್‌ಗೆ 39.37 ಸುತ್ತು.

ಬಟ್ಟೆಯನ್ನು ಥಾನಿನಲ್ಲಿ ಮಾರುವವರಿಗೆ ಗಜ ಮತ್ತು ಮೀಟರ್‌ಗಳ ಗೊಂದಲ ಇನ್ನೂ ದುಬಾರಿ. ಅಮೆರಿಕಾದ ಖರೀದಿದಾರರು ಇಂದಿಗೂ ಗಜದಲ್ಲಿಯೇ ಆರ್ಡರ್ ನೀಡುವುದುಂಟು. 5,000 ಗಜವೆಂದರೆ 4,572 ಮೀಟರ್. ಅದನ್ನು 5,000 ಮೀಟರ್ ಎಂದು ತಿಳಿದು ನೇಯ್ದವನ ಬಳಿ 428 ಮೀಟರ್ ಹೆಚ್ಚುವರಿ ಬಟ್ಟೆ ಉಳಿಯುತ್ತದೆ. ಮೀಟರ್‌ಗೆ 300 ರೂಪಾಯಿಯೆಂದು ಭಾವಿಸಿದರೂ 1,28,400 ರೂಪಾಯಿ ಸಿಲುಕಿಕೊಂಡಂತಾಯಿತು.

ಗುಂಟೆಯಿಂದ ನಿವೇಶನಕ್ಕೆ

ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದಲ್ಲಿ ಭೂಮಿಯ ಬೆಲೆ ಏರಿದ ವೇಗವನ್ನು ವಿವರಿಸಬೇಕಾಗಿಲ್ಲ. ಬೆಲೆ ಏರಿದಂತೆಲ್ಲ ಅಳತೆಯ ಸಣ್ಣ ವ್ಯತ್ಯಾಸಕ್ಕೂ ಬೆಲೆ ಏರಿತು.

ಒಂದೇ ತುಂಡು ನೆಲ ಇಲ್ಲಿ ಮೂರು ಭಾಷೆಗಳಲ್ಲಿ ಮಾತನಾಡುತ್ತದೆ. ಪಹಣಿಯಲ್ಲಿ ಎಕರೆ ಮತ್ತು ಗುಂಟೆ. ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ಮೀಟರ್. ಮಧ್ಯವರ್ತಿಯ ಬಾಯಲ್ಲಿ ಚದರ ಅಡಿ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ ಅಥವಾ 101.17 ಚದರ ಮೀಟರ್. ಲೆಕ್ಕ ಸುಲಭವಾಗಲೆಂದು ಇದನ್ನು 100 ಚದರ ಮೀಟರ್ ಎಂದು ಹಿಡಿಯುವುದುಂಟು. ಗುಂಟೆಯೊಂದಕ್ಕೆ ನಷ್ಟ ಅಲ್ಪವೆನಿಸಿದರೂ ಎಕರೆಗೆ 46.86 ಚದರ ಮೀಟರ್, ಅಂದರೆ 504 ಚದರ ಅಡಿ ಕೈಬಿಟ್ಟಂತಾಗುತ್ತದೆ. 20 ಅಡಿ ಉದ್ದ, 30 ಅಡಿ ಅಗಲದ ಸಣ್ಣ ನಿವೇಶನವೊಂದು 600 ಚದರ ಅಡಿ ಎಂಬುದನ್ನು ನೆನೆದರೆ ಈ ನಷ್ಟದ ಗಾತ್ರ ತಿಳಿದೀತು.

ನಿವೇಶನಗಳಲ್ಲಿ ಇನ್ನೊಂದು ಬಗೆಯ ವ್ಯತ್ಯಾಸವಿದೆ. ಜನರ ಮಾತಿನಲ್ಲಿ 'ಮೂವತ್ತು ನಲವತ್ತು' ಎಂದರೆ 30 ಅಡಿಗೆ 40 ಅಡಿ, ಒಟ್ಟು 1,200 ಚದರ ಅಡಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಾಡಪ್ರಭು ಕೆಂಪೇಗೌಡ ಬಡಾವಣೆಯಂತಹ ಕಡೆಗಳಲ್ಲಿ ಈ ವರ್ಗದ ನಿವೇಶನವನ್ನು 9 ಮೀಟರ್‌ಗೆ 12 ಮೀಟರ್ ಎಂದು ನಿಗದಿಪಡಿಸಿದೆ. ಅದು 108 ಚದರ ಮೀಟರ್, ಅಂದರೆ 1,162.5 ಚದರ ಅಡಿ. ಪ್ರಾಧಿಕಾರದ ದಾಖಲೆಯಲ್ಲಿ ಅಳತೆ ಸ್ಪಷ್ಟವಾಗಿಯೇ ಇದೆ. ಆದರೆ ಮರುಮಾರಾಟದಲ್ಲಿ ಇದೇ ನಿವೇಶನವನ್ನು 'ಮೂವತ್ತು ನಲವತ್ತು' ಎಂಬ ಹೆಸರಿನಲ್ಲಿ 1,200 ಚದರ ಅಡಿಯ ದರಕ್ಕೆ ಕೊಂಡವರು 37.5 ಚದರ ಅಡಿ ಕಡಿಮೆ ಪಡೆಯುತ್ತಾರೆ. ಚದರ ಅಡಿಗೆ 5,000 ರೂಪಾಯಿ ಎಂದಿಟ್ಟುಕೊಂಡರೆ 1,87,500 ರೂಪಾಯಿ. ಅಂಗಡಿ, ಕಾರ್ಖಾನೆಗೆಂದು ಜಾಗ ಕೊಳ್ಳುವವರು ಕ್ರಯಪತ್ರದ ಅನುಸೂಚಿಯಲ್ಲಿರುವ ಮೀಟರ್ ಅಳತೆಯನ್ನೇ ಆಧಾರವಾಗಿ ಹಿಡಿದು ದರ ಮಾತನಾಡುವುದು ಕ್ಷೇಮ.

ಕಂಬಿ, ತಗಡು, ಬೋಲ್ಟು

ಹೊಸಕೋಟೆ, ನೆಲಮಂಗಲಗಳ ಕಬ್ಬಿಣದ ಕೆಲಸದ ಶೆಡ್ಡುಗಳಲ್ಲಿ ಕಂಬಿಯ ದಪ್ಪ ಮಿಲಿಮೀಟರ್‌ನಲ್ಲಿ, ಉದ್ದ ಅಡಿಯಲ್ಲಿ. ಕಾರ್ಖಾನೆಯಿಂದ ಬರುವ ಕಂಬಿಯ ಸಾಮಾನ್ಯ ಉದ್ದ 12 ಮೀಟರ್. ಅದನ್ನು ರೂಢಿಯಲ್ಲಿ '40 ಅಡಿ' ಎನ್ನುತ್ತಾರೆ. ವಾಸ್ತವವಾಗಿ 12 ಮೀಟರ್ ಎಂದರೆ 39.37 ಅಡಿ. ಕಂಬಿಯನ್ನು ತೂಕಕ್ಕೆ ಕೊಳ್ಳುವುದರಿಂದ ಖರೀದಿಯಲ್ಲಿ ನಷ್ಟವಿಲ್ಲ, ನಷ್ಟ ಕತ್ತರಿಸುವಾಗ. 10 ಅಡಿಯ ತುಂಡುಗಳು ಕಂಬಿಗೆ ನಾಲ್ಕರಂತೆ ಬರುತ್ತವೆಂದು ನಂಬಿ 100 ಕಂಬಿ ತರಿಸಿದವನಿಗೆ ಸಿಗುವುದು 300 ತುಂಡು ಮಾತ್ರ. ಪ್ರತಿ ಕಂಬಿಯಲ್ಲಿಯೂ ಒಂಬತ್ತೂಕಾಲು ಅಡಿಗೆ ಸ್ವಲ್ಪ ಮೇಲ್ಪಟ್ಟ ನಾಲ್ಕನೆಯ ತುಂಡು ಆ ಕೆಲಸಕ್ಕೆ ಒದಗದೆ ಉಳಿಯುತ್ತದೆ.

ತಗಡಿನಲ್ಲಿ ಗೇಜ್ ಲೆಕ್ಕ ಇನ್ನೂ ಜೀವಂತವಾಗಿದೆ. ಬ್ರಿಟಿಷ್ ಮಾನಕದ 18 ಗೇಜ್ ಎಂದರೆ 1.22 ಮಿಲಿಮೀಟರ್, 20 ಗೇಜ್ ಎಂದರೆ 0.91 ಮಿಲಿಮೀಟರ್. ಇಲ್ಲಿ ಸಂಖ್ಯೆ ಏರಿದಂತೆ ತಗಡು ತೆಳುವಾಗುತ್ತದೆ. ದಪ್ಪವನ್ನು ಮಿಲಿಮೀಟರ್‌ನಲ್ಲಿ ಬರೆಯಿಸಿ ಮೈಕ್ರೋಮೀಟರ್‌ನಿಂದ ಅಳೆದುಕೊಂಡರೆ ವಾದಕ್ಕೆ ಎಡೆಯಿರದು. ಅರ್ಧ ಇಂಚಿನ ಬೋಲ್ಟಿನ ವ್ಯಾಸ 12.7 ಮಿಲಿಮೀಟರ್, ಎಂ-12 ಬೋಲ್ಟಿನದು 12. ಕಣ್ಣಿಗೆ ಎರಡೂ ಒಂದೇ ರೀತಿ ಕಂಡರೂ ಒಂದರ ನಟ್ಟು ಇನ್ನೊಂದಕ್ಕೆ ಕೂರುವುದಿಲ್ಲ.

ಆಕಾಶದಲ್ಲಿ ಇಂಧನ ಮುಗಿದ ಪ್ರಸಂಗ

ಲೆಕ್ಕದ ಇಂತಹ ತಪ್ಪುಗಳನ್ನು ಸಣ್ಣ ಊರಿನ ಅಜಾಗರೂಕತೆಯೆಂದು ತಳ್ಳಿಹಾಕುವಂತಿಲ್ಲ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನವೊಂದರ ಇಂಧನ ಮಾರ್ಗಮಧ್ಯದಲ್ಲಿಯೇ ಮುಗಿದುಹೋಯಿತು. ಆ ಸಂಸ್ಥೆ ಆಗತಾನೇ ಪೌಂಡಿನಿಂದ ಕಿಲೋಗ್ರಾಂಗೆ ಬದಲಾಗುತ್ತಿತ್ತು. ಇಂಧನ ಸೂಚಕ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಸಿಬ್ಬಂದಿ ಕೈಲೆಕ್ಕ ಹಾಕಿದರು. ಲೀಟರ್‌ನಿಂದ ಕಿಲೋಗ್ರಾಂಗೆ ಪರಿವರ್ತಿಸಲು ಬಳಸಿದ 1.77 ಎಂಬ ಸಂಖ್ಯೆ ಪೌಂಡಿಗೆ ಸಂಬಂಧಿಸಿದ್ದಾಗಿತ್ತು. ಬೇಕಾದ ಇಂಧನದ ಅರ್ಧಕ್ಕಿಂತಲೂ ಕಡಿಮೆ ತುಂಬಿಕೊಂಡು ಹಾರಿದ ವಿಮಾನವನ್ನು ಚಾಲಕರು ಇಂಜಿನ್ನುಗಳಿಲ್ಲದೆಯೇ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಪ್ರಾಣಹಾನಿ ಸಂಭವಿಸಲಿಲ್ಲ. ಆ ಲೆಕ್ಕವನ್ನು ಒಂದಕ್ಕಿಂತ ಹೆಚ್ಚು ಮಂದಿ ನೋಡಿದ್ದರು; ಸಂಖ್ಯೆಯ ಮುಂದೆ ಯಾವ ಮಾನವಿದೆ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ಕಾನೂನು ಏನು ಹೇಳುತ್ತದೆ?

2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಪ್ರಕಾರ ತೂಕ ಮತ್ತು ಅಳತೆಯ ಪ್ರತಿಯೊಂದು ಮಾನವೂ ಮೆಟ್ರಿಕ್ ಪದ್ಧತಿಗೆ ಅನುಗುಣವಾಗಿರಬೇಕು. 11ನೆಯ ಪ್ರಕರಣದಂತೆ ಬೆಲೆ ಹೇಳುವುದು, ದರಪಟ್ಟಿ, ಬಿಲ್ಲು, ನಗದು ರಸೀದಿ, ಜಾಹೀರಾತುಗಳಲ್ಲಿ ಮಾನಕ ಮಾನಗಳನ್ನು ಬಿಟ್ಟು ಬೇರೆಯದನ್ನು ಬಳಸುವಂತಿಲ್ಲ. ರಫ್ತಿಗೆ ಈ ನಿರ್ಬಂಧದಿಂದ ವಿನಾಯಿತಿಯಿದೆ. 12ನೆಯ ಪ್ರಕರಣ ವರ್ತಕರ ಗಮನಕ್ಕೆ ಬಾರದೆ ಉಳಿದಿರುವಂಥದು. ಕರಾರಿನಲ್ಲಿ ಹೇಳಿದ ತೂಕ ಅಥವಾ ಅಳತೆಗಿಂತ ಹೆಚ್ಚು ಪಡೆಯಲು ಅಥವಾ ಕಡಿಮೆ ನೀಡಲು ಅವಕಾಶ ಕೊಡುವ ಯಾವುದೇ ರೂಢಿಯೂ ಅಸಿಂಧುವೆಂದು ಅದು ಹೇಳುತ್ತದೆ. 'ಇಲ್ಲಿನ ಪದ್ಧತಿಯೇ ಹೀಗೆ' ಎಂಬ ಸಮರ್ಥನೆಗೆ ಕಾನೂನಿನ ಬೆಂಬಲವಿಲ್ಲ.

ತೆರಿಗೆಯ ಕಡತದಲ್ಲಿಯೂ ಎಚ್ಚರ ಬೇಕು. 2017ರ ಜುಲೈ 1ರಂದು ಬಂದ ಜಿ.ಎಸ್.ಟಿ. ವ್ಯವಸ್ಥೆಯ ಪರಿಮಾಣ ಸಂಕೇತಗಳ ಪಟ್ಟಿಯಲ್ಲಿ ಮೀಟರ್, ಕಿಲೋಗ್ರಾಂಗಳ ಜೊತೆಗೆ ಗಜ, ಚದರ ಅಡಿ, ಚದರ ಗಜಗಳಿಗೂ ಸಂಕೇತಗಳಿವೆ. ಪಟ್ಟಿಯಲ್ಲಿದೆಯೆಂಬ ಕಾರಣಕ್ಕೆ ದೇಶದೊಳಗಿನ ಬಿಲ್ಲಿನಲ್ಲಿ ಗಜವನ್ನು ಬಳಸಬಹುದೆಂದು ಭಾವಿಸುವುದು ಸರಿಯಲ್ಲ. ಖರೀದಿಯನ್ನು ಮೀಟರ್‌ನಲ್ಲಿಯೂ ಮಾರಾಟವನ್ನು ಗಜದಲ್ಲಿಯೂ ತೋರಿಸಿದರೆ ದಾಸ್ತಾನು ಪುಸ್ತಕ ತಾಳೆಯಾಗುವುದಿಲ್ಲ. ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಶೇಕಡಾ ಒಂಬತ್ತಕ್ಕೂ ಮೀರಿದ ಈ ವ್ಯತ್ಯಾಸಕ್ಕೆ ವಿವರಣೆ ಕೊಡುವ ಹೊಣೆ ವರ್ತಕನದೇ.

ವರ್ತಕರು ಮಾಡಬಹುದಾದುದು

ಮಗ್ಗದವರು ಇಂಚನ್ನು, ರೈತರು ಗುಂಟೆಯನ್ನು ಮರೆಯಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ; ಅದು ಸಾಧ್ಯವೂ ಅಲ್ಲ. ಯಂತ್ರಗಳ ಹಣಿಗೆ, ಹಲ್ಲು, ಮರೆಗಳೇ ಇಂಚಿನಲ್ಲಿರುವಾಗ ಮಾತೂ ಇಂಚಿನಲ್ಲಿಯೇ ಇರುತ್ತದೆ. ಆದರೆ ಬರಹ ಒಂದೇ ಅಳತೆಯಲ್ಲಿರುವಂತೆ ನೋಡಿಕೊಳ್ಳಲು ಖರ್ಚೇನೂ ಇಲ್ಲ.

1. ಆರ್ಡರ್, ಡೆಲಿವರಿ ಚೀಟಿ ಮತ್ತು ಬಿಲ್ಲು ಮೂರರಲ್ಲಿಯೂ ಒಂದೇ ಮೆಟ್ರಿಕ್ ಮಾನವಿರಲಿ. ಕೇವಲ ಸಂಖ್ಯೆ ಬರೆದು ಮಾನವನ್ನು ಊಹೆಗೆ ಬಿಡಬಾರದು.

2. ಗಿರಾಕಿ ಬೇರೆ ಮಾನದಲ್ಲಿ ಕೇಳಿದ್ದರೆ ಪರಿವರ್ತನೆಯ ಸಂಖ್ಯೆಯನ್ನೂ, ಎಷ್ಟು ದಶಮಾಂಶ ಸ್ಥಾನಗಳವರೆಗೆ ಹಿಡಿಯಬೇಕೆಂಬುದನ್ನೂ ಆರ್ಡರ್‌ನಲ್ಲಿಯೇ ಬರೆದು ಸಹಿ ಪಡೆಯಬೇಕು. ಪೂರ್ಣಾಂಕಕ್ಕೆ ತರುವುದನ್ನು ಕೊನೆಯ ಮೊತ್ತದಲ್ಲಿ ಮಾತ್ರ ಮಾಡಬೇಕು.

3. ಕೂಲಿ ದರವನ್ನು ಪಿಕ್ಕಿನ ಮೇಲೆ ನಿಗದಿಪಡಿಸಿದಲ್ಲಿ, ಪಿಕ್ ಹೆಚ್ಚಿದಾಗ ದರವೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕೆಂಬ ಮಾತು ಮೊದಲೇ ಆಗಬೇಕು.

4. ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಅಂಗಡಿಯಲ್ಲಿಯೇ ಇಟ್ಟುಕೊಳ್ಳಬೇಕು.

ಗೋಡೆಗೆ ಅಂಟಿಸಿಕೊಳ್ಳಬಹುದಾದ ಲೆಕ್ಕಗಳು

1 ಇಂಚು = 25.4 ಮಿಲಿಮೀಟರ್
1 ಅಡಿ = 0.3048 ಮೀಟರ್
1 ಗಜ = 0.9144 ಮೀಟರ್
1 ಚದರ ಮೀಟರ್ = 10.764 ಚದರ ಅಡಿ
1 ಗುಂಟೆ = 1,089 ಚದರ ಅಡಿ = 101.17 ಚದರ ಮೀಟರ್
1 ಎಕರೆ = 40 ಗುಂಟೆ = 4,046.86 ಚದರ ಮೀಟರ್
1 ಹೆಕ್ಟೇರ್ = 2.471 ಎಕರೆ
100 ಘನ ಅಡಿ = 2.83 ಘನ ಮೀಟರ್
1 ಪೌಂಡ್ = 453.6 ಗ್ರಾಂ
1 ತೊಲ = 11.66 ಗ್ರಾಂ
1 ಟೆಕ್ಸ್ = 9 ಡೆನಿಯರ್
ಕಂಬಿಯ ತೂಕ, ಮೀಟರ್‌ಗೆ ಕಿಲೋಗ್ರಾಂ = ಮಿಲಿಮೀಟರ್ ವ್ಯಾಸದ ವರ್ಗವನ್ನು 162ರಿಂದ ಭಾಗಿಸಬೇಕು

ಮುಂದಿನ ಆರ್ಡರ್ ಕೈಗೆ ಬಂದಾಗ ದರವನ್ನು ನೋಡುವ ಮುನ್ನ, ಸಂಖ್ಯೆಯ ಮುಂದೆ ಬರೆದಿರುವ ಮಾನವನ್ನು ಒಮ್ಮೆ ಓದಿದರೆ ಮೇಲೆ ಹೇಳಿದ ನಷ್ಟಗಳಲ್ಲಿ ಬಹುತೇಕ ಎಲ್ಲವನ್ನೂ ತಪ್ಪಿಸಬಹುದು. ಮಾನ ಬರೆದಿಲ್ಲವಾದರೆ ಬರೆಯಿಸಿಕೊಂಡ ನಂತರವೇ ಮಗ್ಗಕ್ಕೆ ಹಾಸು ಏರಿಸುವುದು ಒಳಿತು.